ಕಲ್ಲು, ಕಬ್ಬಿಣ, ಪೆಟ್ರೋಲ್: ಪರ್ಫ್ಯೂಮ್ ಬಾಟಲಿಗೆ ಕಾರ್ಖಾನೆ ಬಂದಿದ್ದು ಹೇಗೆ?

ಪರ್ಫ್ಯೂಮ್ ಅಂದ್ರೆ ಮಲ್ಲಿಗೆ, ಗುಲಾಬಿ, ಶ್ರೀಗಂಧ ಅಷ್ಟೇ ಅಲ್ಲ. ಸುಟ್ಟ ರಬ್ಬರ್, ಬಿಸಿ ಲೋಹ, ಟಾರು, ಜೆರಾಕ್ಸ್ ಮಷಿನ್ನಿನ ಟೋನರ್ ಕೂಡ ಇವತ್ತು ದುಬಾರಿ ಬಾಟಲಿಗಳ 'ನೋಟ್'ಗಳು. ನೋಟ್ ಅಂದ್ರೆ ಒಂದು ಪರ್ಫ್ಯೂಮಿನಲ್ಲಿ ನಾವು ಬೇರೆಯಾಗಿ ಗುರುತಿಸಬಹುದಾದ ವಾಸನೆಯ ಎಳೆ.

ಕಲ್ಲಿಗೆ ವಾಸನೆ ಇದೆಯಾ?

ಅಣುಗಳು ಆವಿಯಾಗಿ ಮೂಗು ತಲುಪಿದರೆ ಮಾತ್ರ ವಾಸನೆ. ಕಲ್ಲು, ಕಬ್ಬಿಣ ಸಾಮಾನ್ಯ ತಾಪಮಾನದಲ್ಲಿ ಆವಿಯಾಗಲ್ಲ. ಹಾಗಾದರೆ ಬಸ್ಸಿನ ಕಂಬಿ ಹಿಡಿದ ಕೈಗೆ ಅಂಟುವ ವಾಸನೆ ಯಾವುದು? 2006ರಲ್ಲಿ ಡೀಟ್ಮಾರ್ ಗ್ಲಿಂಡೆಮನ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು: ನಮ್ಮ ಚರ್ಮದ ಕೊಬ್ಬಿನಂಶ ಕಬ್ಬಿಣದ ಜೊತೆ ವರ್ತಿಸಿದಾಗ ಹುಟ್ಟುವ 1-ಆಕ್ಟೀನ್-3-ಓನ್‌ನಂಥ ರಾಸಾಯನಿಕಗಳದ್ದು. ಅಂದ್ರೆ 'ಕಬ್ಬಿಣದ ವಾಸನೆ' ಅಸಲಿಗೆ ಮನುಷ್ಯನ ಮೈಯದ್ದೇ.

ಹಾಗಾಗಿ ಖನಿಜದ ನೋಟ್ ಅನ್ನೋದು ಒಂದು ಕಲ್ಪನೆ. 2006ರ 'ಟೆರ್ ದ ಎರ್ಮೆಸ್'ನಲ್ಲಿ ಜಾನ್-ಕ್ಲೋಡ್ ಎಲೆನಾ ಚಕಮಕಿ ಕಲ್ಲಿನ ಭಾವ ತಂದರು. ಬಾಟಲಿಯಲ್ಲಿ ಕಲ್ಲಿಲ್ಲ, ಕಲ್ಲನ್ನು ನೆನಪಿಸುವ ಬೇರೆ ಅಣುಗಳಿವೆ.

ಮಣ್ಣಿನ ಅತ್ತರು ಮೊದಲೇ ಇತ್ತು

ಇದನ್ನು ಯುರೋಪಿನ ಹೊಸ ಆವಿಷ್ಕಾರ ಅನ್ನೋ ಹಾಗಿಲ್ಲ. ಉತ್ತರ ಪ್ರದೇಶದ ಕನೌಜಿನಲ್ಲಿ ಬೇಯಿಸಿದ ಜೇಡಿಮಣ್ಣನ್ನು ತಾಮ್ರದ ಹಂಡೆಯಲ್ಲಿ ಕಾಯಿಸಿ, ಆ ಆವಿಯನ್ನು ಶ್ರೀಗಂಧದೆಣ್ಣೆಗೆ ಇಳಿಸಿ 'ಮಿಟ್ಟಿ ಅತ್ತರ್' ತಯಾರಿಸುವ ಪದ್ಧತಿ ಹಳೆಯದು. 1964ರಲ್ಲಿ ಮೊದಲ ಮಳೆಯ ಮಣ್ಣಿನ ಘಮಕ್ಕೆ 'ಪೆಟ್ರಿಕೋರ್' ಎಂಬ ಹೆಸರಿಟ್ಟ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, ತಮ್ಮ ಪ್ರಬಂಧದಲ್ಲಿ ಈ ಭಾರತೀಯ ಉದ್ಯಮವನ್ನು ಪ್ರಸ್ತಾಪಿಸಿದ್ದಾರೆ. ಹೆಸರು ಸಿಕ್ಕಿದ್ದು ಲ್ಯಾಬಿನಲ್ಲಿ, ಕಸುಬು ಅದಕ್ಕೂ ಮುಂಚಿನದು.

ಹೂವಿಗೆ ವಿರುದ್ಧವಾಗಿ

ರಸಾಯನಶಾಸ್ತ್ರಕ್ಕೂ ಪರ್ಫ್ಯೂಮಿಗೂ ನಂಟು ಹಳೆಯದು. 1888ರಲ್ಲಿ ಆಲ್ಬರ್ಟ್ ಬೌರ್ ಸ್ಫೋಟಕಗಳ ಕುರಿತು ಪ್ರಯೋಗ ಮಾಡುತ್ತಿದ್ದಾಗಲೇ ಕೃತಕ ಕಸ್ತೂರಿ ಸಿಕ್ಕಿತು. ಆದರೆ ಆಗೆಲ್ಲ ರಾಸಾಯನಿಕದ ಕೆಲಸ ಹೂವು, ಕಸ್ತೂರಿಗಳ ವೇಷ ಹಾಕುವುದು. ಕಾಮ್ ದೆ ಗಾರ್ಸೋನ್ ಕಂಪನಿ ಆ ವೇಷ ಕಳಚಿತು. 1998ರ 'ಓಡರ್ 53'ರಲ್ಲಿ ಸುಟ್ಟ ರಬ್ಬರ್, ನೇಲ್ ಪಾಲಿಶ್. 2000ದ 'ಓಡರ್ 71'ರಲ್ಲಿ ಬಿಸಿ ಬಲ್ಬಿನ ಮೇಲಿನ ಧೂಳು, ಟೋನರ್. 2004ರಲ್ಲಿ ಬಂದ ಸರಣಿಯ ಹೆಸರುಗಳೇ 'ಟಾರ್', 'ಗ್ಯಾರೇಜ್', 'ಡ್ರೈ ಕ್ಲೀನ್'. ಚಂದದ ವಾಸನೆ ಯಾವುದು ಅಂತ ತೀರ್ಮಾನಿಸೋರು ಯಾರು ಅನ್ನೋ ಒಳ್ಳೆಯ ಪ್ರಶ್ನೆಯನ್ನೇ ಇವು ಕೇಳಿದವು.

ಯಾರಿಗೆ ಕಲೆ, ಯಾರಿಗೆ ಕೆಲಸ?

ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತೆ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಅದನ್ನು ಮೊದಲ ಗುಂಪಿನಲ್ಲಿಟ್ಟಿದೆ. ಡ್ರೈ ಕ್ಲೀನಿಂಗ್‌ನ ಪರ್‌ಕ್ಲೋರೋಎಥಿಲೀನ್ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಯಲ್ಲಿದೆ. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟ ಇಫ್ರಾ ಬೆಂಜೀನ್ ಬಳಕೆಯನ್ನು ನಿಷೇಧಿಸಿದೆ. ಕಲ್ಮಶವಾಗಿ ಉಳಿದರೂ ಸುಗಂಧ ಮಿಶ್ರಣದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು. ನಮ್ಮ ಬಿಎಸ್-6 ಪೆಟ್ರೋಲಿನಲ್ಲಿ ಅದಕ್ಕೆ ಶೇ. 1ರವರೆಗೆ ಅವಕಾಶವಿದೆ.

ಇಂಧನಕ್ಕೂ ಮೈಗೆ ಹಚ್ಚುವ ಸುಗಂಧಕ್ಕೂ ಒಂದೇ ಅಳತೆ ಸಾಧ್ಯವಿಲ್ಲ, ನಿಜ. ಆದರೆ ಗ್ಯಾರೇಜಿನ ವಾಸನೆಯನ್ನು ಕೊಂಡವರಿಗೆ ಬಾಟಲಿಯಲ್ಲಿ ಸಿಗೋದು ವಿಷ ತೆಗೆದ ನೆನಪು. ಬಂಕಿನಲ್ಲಿ ದಿನವಿಡೀ ಪೈಪ್ ಹಿಡಿದು ನಿಲ್ಲೋರಿಗೆ, ರಸ್ತೆಗೆ ಟಾರು ಸುರಿಯೋರಿಗೆ ಸಿಗೋದು ಅಸಲಿ ಹೊಗೆ, ಎಷ್ಟೋ ಸಲ ಮಾಸ್ಕೂ ಇಲ್ಲದೆ. ಬಾಟಲಿಯೊಳಗಿನ ವಾಸನೆಗೆ ಇರುವ ಬಿಗಿ ನಿಯಮ, ಆ ವಾಸನೆ ಹುಟ್ಟುವ ಜಾಗದಲ್ಲಿ ಉಸಿರಾಡೋರಿಗೂ ಬೇಕು ಅಂತ ಕೇಳೋದು ಪರ್ಫ್ಯೂಮ್ ವಿಮರ್ಶೆಯ ಹೊರಗಿನ ಮಾತೇನಲ್ಲ.