ಯಾರ ಆಳು, ಯಾವ ಕಾಳೆಗ?



ಒಬ್ಬ ಸಿಪಾಯಿಯು ಮತ್ತೊಬ್ಬ ಸಿಪಾಯಿಯನ್ನು ದಾರಿಯಲ್ಲಿ ಕಂಡರೆ ಮೊದಲು ಕೇಳುವ ಮಾತು ಯಾವುದೆಂಬುದು ತಮಗೆಲ್ಲರಿಗೂ ತಿಳಿದೇ ಇದೆ. ಯಾವ ದಳ, ಯಾರ ಕೈಕೆಳಗೆ, ಎಷ್ಟು ವರ್ಷ, ಯಾವ ಯುದ್ಧವನ್ನು ಕಂಡವರು ಎಂಬುದೇ ಆ ಪ್ರಶ್ನೆ. ಹೊಲಗೆಯ್ಯುವ ರೈತನಾಗಲಿ ಅಂಗಡಿಯ ಸೆಟ್ಟಿಯಾಗಲಿ ಸಿಪಾಯಿಯನ್ನು ಕಂಡಾಗಲೂ ಕೇಳುವುದು ಇದನ್ನೇ; ಕೇಳಿದ ಮೇಲೆ ತನ್ನ ಸೋದರಮಾವನೋ ಅಜ್ಜನೋ ದಂಡಿನಲ್ಲಿದ್ದ ಸಂಗತಿಯನ್ನು ತಾನೂ ಹೇಳಿಕೊಳ್ಳುತ್ತಾನೆ. ಈ ಮಾತುಕತೆ ನಿನ್ನೆ ಮೊನ್ನೆಯದಲ್ಲ. ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಅದಕ್ಕೆ ಸಾವಿರದ ಇನ್ನೂರು ವರ್ಷಗಳಿಗೂ ಮೀರಿದ ದಾಖಲೆಯುಂಟು. ಆ ದಾಖಲೆಯು ಕಾಗದದ ಮೇಲಿಲ್ಲ, ಕಲ್ಲಿನ ಮೇಲಿದೆ. ಅದನ್ನೇ ನಾವು ವೀರಗಲ್ಲು ಎನ್ನುತ್ತೇವೆ.

ವೀರಗಲ್ಲೆಂದರೆ ಸಾಮಾನ್ಯವಾಗಿ ನಮ್ಮ ಕಣ್ಣೆದುರಿಗೆ ಬರುವುದು ಮೂರು ಅಂತಸ್ತಿನ ಚಿತ್ರ. ಕೆಳಗೆ ಕಾದಾಟ, ನಡುವೆ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಈ ಚಿತ್ರವನ್ನು ನೋಡಿ ತೃಪ್ತರಾಗಿ ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ಪಟ್ಟಿಗಳ ನಡುವೆ ಒಂದೆರಡು ಸಾಲು ಬರಹವಿದ್ದರೆ, ಅದು ಸ್ವರ್ಗದ ವಿಚಾರಕ್ಕಿಂತ ಹೆಚ್ಚಾಗಿ ಲೆಕ್ಕಪತ್ರದ ವಿಚಾರವನ್ನೇ ಹೇಳುತ್ತಿರುತ್ತದೆ. ಯಾವ ಅರಸನ ಆಳಿಕೆ, ನಾಡನ್ನು ನೋಡಿಕೊಳ್ಳುತ್ತಿದ್ದವನಾರು, ಸತ್ತವನು ಯಾರ ಮನೆಯವನು, ಯಾವ ಜಗಳದಲ್ಲಿ ಸತ್ತನು, ಅವನ ಹಿಂದೆ ಉಳಿದವರಿಗೆ ಏನು ದೊರೆಯಿತು, ಇಷ್ಟೇ. ಸೈನ್ಯದ ಕಚೇರಿಯಲ್ಲಿ ಇಂದು ಬರೆದಿಡುವ ಸೇವಾವಿವರಕ್ಕೂ ಇದಕ್ಕೂ ಅಂತರ ಬಹಳವಿಲ್ಲ.

ಬೆಂಗಳೂರಿನ ಸೀಮೆಯಲ್ಲಿ ನಮಗೆ ದೊರೆತಿರುವ ಇಂಥ ಬರಹಗಳಲ್ಲಿ ಬಹು ಹಳೆಯದು ಹೆಬ್ಬಾಳದ ಕಿತ್ತಯ್ಯನ ಕಲ್ಲು. ಇದು ಪತ್ತೆಯಾದದ್ದು 2018ರಲ್ಲಿ. ಕಾಲವು ಸುಮಾರು ಕ್ರಿ.ಶ. 750. ಗಂಗರ ಶ್ರೀಪುರುಷನು ರಾಜ್ಯವಾಳುತ್ತಿದ್ದಾಗ, ಪೆಳ್ನಾಗತ್ತರನೆಂಬವನು ಪೆರ್ಬೊಳಲ್ನಾಡು ಮೂವತ್ತನ್ನು ಆಳುತ್ತಿದ್ದಾಗ, ರಟ್ಟವಾಡಿಯವರ ದಾಳಿಯಿಂದ ಊರಳಿವು ಸಂಭವಿಸಿತು. ಅದರಲ್ಲಿ ಕಿತ್ತಯ್ಯನು ಕಾದಿ ಇಂದ್ರಲೋಕವನ್ನು ಹೊಕ್ಕನು. ಪೆರ್ಬೊಳಲೇ ಈಗಿನ ಹೆಬ್ಬಾಳ. ರಟ್ಟವಾಡಿಯೆಂದರೆ ರಾಷ್ಟ್ರಕೂಟರ ಸೀಮೆ. ಕಿತ್ತಯ್ಯನ ಬಗ್ಗೆ ನಮಗೆ ಉಳಿದಿರುವುದು ಈ ಕಲ್ಲಿನ ಮೇಲಿನ ಕೆಲವು ಸಾಲುಗಳು ಮತ್ತು ಆಯುಧ ಹಿಡಿದು ನಿಂತ ಒಂದು ಉಬ್ಬುಚಿತ್ರ ಮಾತ್ರ. ಅವನು ಸಂಬಳದ ಕಾಲಾಳೋ, ಊರಿಗೆ ಬೆಂಕಿ ಬಿದ್ದಾಗ ಕೈಗೆ ಸಿಕ್ಕಿದ ಆಯುಧವನ್ನು ಹಿಡಿದು ಹೊರಬಿದ್ದ ಒಕ್ಕಲಿಗನೋ ಎಂಬ ಭೇದವನ್ನು ಆ ಕಾಲದವರು ಅಷ್ಟಾಗಿ ಎಣಿಸಿದಂತೆ ಕಾಣುವುದಿಲ್ಲ. ಊರಳಿವು, ತುರುಗೋಳ್, ಪೆಣ್ಬುಯ್ಯಲ್, ಎಂದರೆ ಊರಿನ ನಾಶ, ದನಗಳ ಅಪಹಾರ, ಹೆಂಗಸರ ಮೇಲಿನ ಕೈ, ಇವು ಮೂರರಲ್ಲಿ ಯಾವುದು ಬಂದರೂ ದಂಡಿನವನು, ದಂಡಿನವನಲ್ಲದವನು ಎಂಬ ಗೆರೆ ಅಳಿಸಿಹೋಗುತ್ತಿತ್ತು. ಕಲ್ಲು ನೆಡುವಾಗಲೂ ಆ ಗೆರೆಯನ್ನು ಯಾರೂ ಮತ್ತೆ ಎಳೆಯಲಿಲ್ಲ.

ಇನ್ನು ಬೇಗೂರಿಗೆ ಬರೋಣ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯೆಂಬ ಗಾಜಿನ ಮಹಲುಗಳ ಊರನ್ನು ಈಗ ಕಾಣದವರಿಲ್ಲ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ ಇದಕ್ಕೆ ಅಸ್ತಿವಾರ ಬಿದ್ದದ್ದು 1970ರ ದಶಕದ ಕೊನೆಯಲ್ಲಿ, ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಪ್ರಯತ್ನದಿಂದ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಬೇಗೂರಿನ ನಾಗೇಶ್ವರ ದೇವಾಲಯವಿದೆ. ಶಾಸನಗಳಲ್ಲಿ ಈ ಊರಿನ ಹೆಸರು ಬೆಂಪೂರು. ಇಲ್ಲಿಯ ವೀರಗಲ್ಲುಗಳ ಪೈಕಿ ಎರಡನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ.

ಮೊದಲನೆಯದು ದೇವಾಲಯದ ಆವರಣದಲ್ಲಿಯೇ ಇದೆ; ಕಾಲವು ಸುಮಾರು ಕ್ರಿ.ಶ. 890. ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿಯು ಬೆಂಗಳೂರಿನ ಕಾಳೆಗದಲ್ಲಿ ಸತ್ತನೆಂಬುದು ಅದರ ತಾತ್ಪರ್ಯ. ಬೆಂಗಳೂರೆಂಬ ಹೆಸರು ನಮಗೆ ದೊರೆಯುವ ಅತ್ಯಂತ ಹಳೆಯ ಬರಹವಿದು. ವೀರಬಲ್ಲಾಳನು ಮುದುಕಿಯ ಮನೆಯಲ್ಲಿ ಬೆಂದಕಾಳು ತಿಂದು ಊರಿಗೆ ಆ ಹೆಸರಿಟ್ಟನೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಬಲ್ಲಾಳನು ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆಯೇ ಆ ಹೆಸರು ಕಲ್ಲಿನ ಮೇಲಿತ್ತು. ಕೆಂಪೇಗೌಡರು ಕೋಟೆ ಕಟ್ಟಿಸಿದ್ದಂತೂ 1537ರಲ್ಲಿ. ಕಥೆ ಸೊಗಸಾಗಿದೆ, ಅದನ್ನು ಬಿಡಬೇಕಾಗಿಲ್ಲ; ಚರಿತ್ರೆಯೆಂದು ಹೇಳದಿದ್ದರೆ ಸಾಕು. ಊರಿನ ಹೆಸರು ನಮಗೆ ಮೊದಲು ಕೇಳಿಸುವುದು ಅರಸನ ಬಿರುದಾವಳಿಯಲ್ಲಲ್ಲ, ಒಬ್ಬ ಸೇವಕನ ಸಾವಿನ ಸುದ್ದಿಯಲ್ಲಿ.

ಬುಟ್ಟಣನು ಸೆಟ್ಟಿಯೆಂಬುದನ್ನು ಗಮನಿಸಿ, ಇವನು ವ್ಯಾಪಾರಿಯಾಗಿದ್ದನೆಂದೂ ಅಂಗಡಿಯನ್ನು ಬಿಟ್ಟು ಕಾಳೆಗಕ್ಕೆ ಹೋದನೆಂದೂ ಕೆಲವರು ಹೇಳುವುದುಂಟು. ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಆ ಕಾಲದಲ್ಲಿ ಸೆಟ್ಟಿಯೆಂಬುದು ವೃತ್ತಿಯನ್ನು ಸೂಚಿಸಿದಂತೆ ಗಣ್ಯತೆಯನ್ನೂ ಸೂಚಿಸುತ್ತಿತ್ತು. ಆದರೆ ಅವನು ತನ್ನನ್ನು ಇಂಥವನ ಮನೆಯವನೆಂದು ಹೇಳಿಕೊಂಡದ್ದು ಮಾತ್ರ ಸ್ಪಷ್ಟ. ದಳದ ಹೆಸರಿಲ್ಲದ ಕಾಲದಲ್ಲಿ ಮನೆಯೇ ದಳ.

ಎರಡನೆಯ ಕಲ್ಲು ಬೇಗೂರಿನಲ್ಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಿಂದ ಇದು ವಿದ್ವಾಂಸರಿಗೆಲ್ಲ ಪರಿಚಿತವಾಯಿತು. ಕಲ್ಲಿನ ತುಂಬ ಯುದ್ಧ: ಆನೆ, ಕುದುರೆ, ಬಿಲ್ಲಾಳು, ಕತ್ತಿಯಾಳು, ಕೆಳಗೆ ಬಿದ್ದ ಹೆಣಗಳು. ಬರಹದ ಸಾರಾಂಶ ಹೀಗಿದೆ. ಗಂಗ ಅರಸನಾದ ಎರೆಯಪ್ಪನು ವೀರಮಹೇಂದ್ರನ ಮೇಲಿನ ಕಾಳೆಗದಲ್ಲಿ ಅಯ್ಯಪದೇವನ ನೆರವಿಗೆಂದು ನಾಗತ್ತರನನ್ನು ಪಡೆಯೊಡನೆ ಕಳುಹಿಸಿದನು. ತುಂಬೆಪಾಡಿಯಲ್ಲಿ ಕಾದಿ ನಾಗತ್ತರನು ಮಡಿದನು. ಸುದ್ದಿಯನ್ನು ಕೇಳಿದ ಎರೆಯಪ್ಪನು ಮೆಚ್ಚಿ, ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು.

ಇಲ್ಲಿ ನಾಗತ್ತರ ಪಟ್ಟವೆಂಬ ಮಾತನ್ನು ತಾವು ಲಕ್ಷಿಸಬೇಕು. ಪಟ್ಟವನ್ನು ಇನ್ನೊಬ್ಬನಿಗೆ ಕಟ್ಟಬಹುದಾದರೆ ನಾಗತ್ತರನೆಂಬುದು ತಾಯಿತಂದೆಗಳಿಟ್ಟ ಹೆಸರು ಮಾತ್ರವಾಗಿರಲಾರದು, ಅದೊಂದು ಪದವಿಯಾಗಿರಬೇಕು. ಹೆಬ್ಬಾಳದ ಕಲ್ಲಿನ ಪೆಳ್ನಾಗತ್ತರನನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಊಹೆಗೆ ಬಲ ಬರುತ್ತದೆ. ಕಿತ್ತಯ್ಯನ ಕಾಲದಿಂದ ಬುಟ್ಟಣಸೆಟ್ಟಿಯ ಕಾಲದವರೆಗೆ ಸುಮಾರು ನೂರನಲವತ್ತು ವರ್ಷ. ಅಷ್ಟು ದೀರ್ಘಕಾಲ ಬೆಂಗಳೂರಿನ ಉತ್ತರಕ್ಕೂ ದಕ್ಷಿಣಕ್ಕೂ ಅದೇ ಹೆಸರಿನ ನಾಯಕರು ನಾಡನ್ನು ಕಾಯುತ್ತಿದ್ದರು. ಒಬ್ಬನು ಬಿದ್ದರೆ ಮತ್ತೊಬ್ಬನು ಆ ಹೆಸರನ್ನು ಹೊತ್ತು ನಿಲ್ಲುತ್ತಿದ್ದನು. ಇದಕ್ಕಿಂತ ಉತ್ತಮವಾದ ಪ್ರಮಾಣ ದೊರೆಯುವವರೆಗೆ ನಾನು ಇದನ್ನೇ ನಂಬಿಕೊಂಡಿದ್ದೇನೆ.

ದಾನದಲ್ಲಿ ಸೇರಿದ ಹಳ್ಳಿಗಳ ಹೆಸರುಗಳನ್ನೂ ಕಲ್ಲು ಒಂದೊಂದಾಗಿ ಹೇಳುತ್ತದೆ. ಅವುಗಳಲ್ಲಿ ತೊವಗೂರು ಒಂದು, ಇಗ್ಗಲೂರು ಒಂದು, ಕೂಡಲೆ ಒಂದು. ತೊವಗೂರೇ ಇಂದಿನ ತೋಗೂರೆಂದೂ, ಕೂಡಲೆಯೇ ಕೂಡ್ಲು ಎಂದೂ ಗುರುತಿಸುವುದರಲ್ಲಿ ಕಷ್ಟವೇನೂ ಇಲ್ಲ. ಅಲ್ಲಿಗೆ, ಇಂದು ಲಕ್ಷಗಟ್ಟಲೆ ಮಂದಿ ಕಂಪ್ಯೂಟರಿನ ಮುಂದೆ ಕುಳಿತು ಜೀವನ ಸಾಗಿಸುವ ನೆಲವು ಒಬ್ಬ ದಂಡನಾಯಕನ ಸಾವಿಗೆ ಸಂದ ಬೆಲೆ ಎಂದಾಯಿತು.

ಆ ಬೆಲೆಗೆ ನಮ್ಮ ಹಿರಿಯರು ಇಟ್ಟ ಹೆಸರುಗಳೂ ಸಂಕೋಚವಿಲ್ಲದವು. ಕಲ್ಲಿನ ನಿಮಿತ್ತ ಕೊಟ್ಟದ್ದು ಕಲ್ನಾಡು. ಹರಿದ ರಕ್ತಕ್ಕೆ ಕೊಟ್ಟದ್ದು ನೆತ್ತರುಗೊಡಗೆ. ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಚ್ಚು. ಉಂಡ ಜೋಳದ ಋಣ ಜೋಳವಾಳಿ, ಒಡೆಯನ ಋಣ ಲೆಂಕವಾಳಿ. ಈ ಋಣದ ಮಾತು ಕೆಲವೊಮ್ಮೆ ಭಯಂಕರವಾದ ಕಡೆಗೂ ಹೋಯಿತೆಂಬುದನ್ನು ಮರೆಮಾಡಲಾಗದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹತ್ತಿರದ ಕಂಬವನ್ನು ನೋಡಿದವರಿಗೆ ಗೊತ್ತಿದೆ: ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ಗರುಡನಾದ ಕುವರ ಲಕ್ಷ್ಮನು ತನ್ನ ಸಂಗಡಿಗರೊಡನೆ ಪ್ರಾಣ ಕೊಟ್ಟನು. ಆಗ ಕಾಳೆಗವೂ ಇರಲಿಲ್ಲ, ಊರಿಗೆ ಭಯವೂ ಇರಲಿಲ್ಲ. ಕಿತ್ತಯ್ಯನ ಕಲ್ಲಿನ ಮುಂದೆ ತಲೆ ತಾನಾಗಿ ಬಾಗುತ್ತದೆ. ಈ ಕಂಬದ ಮುಂದೆ ನಿಂತಾಗ ನನಗೆ ಬಾಗಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಾಲ ಬದಲಾಯಿತು, ಕಲ್ಲಿನ ರೂಪವೂ ಬದಲಾಯಿತು. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಪ್ಯಾಲಸ್ತೀನಿನ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್ ಅಶ್ವದಳಗಳು ಹಿಡಿದವು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕಸ್ತಂಭವಿದೆ. ಮಡಿದವರ ಹೆಸರುಗಳು ಅದರ ಮೇಲಿವೆ. ಮೈಸೂರು, ಹೈದರಾಬಾದು, ಜೋಧಪುರಗಳ ಹೆಸರಿನಲ್ಲಿ ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಮೂರ್ತಿಗಳಿರುವ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಆದರೆ ಸ್ತಂಭದ ಮೇಲಿನ ಹೆಸರುಗಳನ್ನು ನಿಂತು ಓದುವವರು ವಿರಳ. ಇನ್ನು ಎರಡನೆಯ ಮಹಾಯುದ್ಧಕ್ಕೆ ಬಂದರೆ ಅಷ್ಟೂ ಇಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಸಾವಿರಾರು ಮಂದಿ ನಾಗರಿಕ ಕೆಲಸಗಾರರು ಯುದ್ಧವಿಮಾನಗಳನ್ನು ದುರಸ್ತಿಮಾಡಿ ಕಳುಹಿಸಿದರು. ಅವರು ಸಮವಸ್ತ್ರ ತೊಟ್ಟವರಲ್ಲ, ಕತ್ತಿ ಹಿಡಿದವರಲ್ಲ. ಆದರೂ ಆ ಯುದ್ಧದಲ್ಲಿ ಅವರಿಗೊಂದು ಪಾತ್ರವಿತ್ತು. ಕಿತ್ತಯ್ಯನ ಕಾಲದವರಾದರೆ ಆ ಗೆರೆಯನ್ನು ಎಳೆಯುತ್ತಿರಲಿಲ್ಲವೆಂದು ನನ್ನ ಭಾವನೆ.

ಕಲ್ಲುಗಳ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರೈಸ್ ಅವರ ಕಾಲದಲ್ಲಿ ಓದಿ ಅಚ್ಚುಹಾಕಿಸಿದ ಶಾಸನಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಇದ್ದ ಜಾಗದಲ್ಲಿಲ್ಲ. ಕೆರೆ ಬಡಾವಣೆಯಾಯಿತು, ತೋಪು ಕಾರ್ಖಾನೆಯಾಯಿತು, ಕಲ್ಲು ಚರಂಡಿಯ ಚಪ್ಪಡಿಯಾಯಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು ಉಳಿದವುಗಳನ್ನು ಹುಡುಕಿ ಹೊಸ ಯಂತ್ರಗಳ ಸಹಾಯದಿಂದ ಅವುಗಳ ಪ್ರತಿರೂಪವನ್ನು ತೆಗೆದಿಡುತ್ತಿರುವುದು ಸಂತೋಷದ ವಿಷಯ. ಬರಹವುಳ್ಳ ಕಲ್ಲಿಗಾದರೋ ಅಚ್ಚಿನ ಪುಸ್ತಕದಲ್ಲಿ ಒಂದು ಎರಡನೆಯ ಜನ್ಮವುಂಟು. ವೀರಗಲ್ಲುಗಳಲ್ಲಿ ಹೆಚ್ಚಿನವಕ್ಕೆ ಬರಹವೇ ಇಲ್ಲ. ಅವು ಒಡೆದರೆ ಹೇಳಲು ಏನೂ ಉಳಿಯದು.

ಬೇಗೂರಿನಲ್ಲಿ ನಾನು ಒಂದು ದಿನ ಆ ಕಲ್ಲಿನ ಮುಂದೆ ಅಕ್ಷರಗಳನ್ನು ಕೂಡಿಸಿಕೊಂಡು ನಿಂತಿದ್ದಾಗ, ದರ್ಶನಕ್ಕೆ ಬಂದಿದ್ದ ವಯಸ್ಸಾದ ಒಬ್ಬರು ಹತ್ತಿರ ಬಂದರು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಬಾಗಿಲಲ್ಲಿ ಕಾವಲಿಗಿರುವವರು. ಮೈಮೇಲೆ ಕಾವಲಿನ ಅಂಗಿಯೇ ಇತ್ತು. "ಏನು ಸ್ವಾಮಿ ಬರೆದಿದೆ ಇದರಲ್ಲಿ?" ಎಂದು ಕೇಳಿದರು. ಓದಿ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು, ಯಾರ ಕೈಕೆಳಗೆ, ಯಾವ ಲಡಾಯಿ. ನಮ್ಮ ಡಿಸ್ಚಾರ್ಜ್ ಪುಸ್ತಕದಲ್ಲೂ ಹೀಗೇ ಸ್ವಾಮಿ ಬರೆಯೋದು" ಎಂದರು. ಹದಿನೇಳು ವರ್ಷ ದಂಡಿನಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರೆಂದು ಆಗ ತಿಳಿಯಿತು. ನನ್ನ ತಾತನವರು ಮೈಸೂರಿನ ದಂಡಿನಲ್ಲಿ ಕುದುರೆ ಲಾಯದ ಲೆಕ್ಕ ಬರೆಯುತ್ತಿದ್ದರೆಂದು ನಾನೂ ಹೇಳಿಕೊಂಡೆನು. "ಹಾಗಾದರೆ ತಾವೂ ನಮ್ಮವರೇ ಆದಿರಿ" ಎಂದು ನಕ್ಕರು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಒಡನೆಯೇ ಉತ್ತರ ಕೊಡಲಾರದೆ ಹೋದೆನು. "ಸತ್ತವರಿಗೆ ಕಲ್ಲು ಹಾಕಿದರು, ಸರಿ. ಬದುಕಿ ಊರಿಗೆ ಬಂದವರ ಕಲ್ಲು ಇಲ್ಲವೇ ಸ್ವಾಮಿ?"

ಯೋಚಿಸಿ ನೋಡಿದಾಗ ಆತಕೂರಿನ ಕಲ್ಲು ನೆನಪಿಗೆ ಬಂದಿತು. ಮದ್ದೂರಿನ ಸೀಮೆಯ ಆ ಕಲ್ಲೂ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿಯೇ ಇದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧ ನಡೆಯಿತು. ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನಿಗೆ ದೊರೆತದ್ದು ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳು. ಅವನ ಬಂಟನಾದ ಮಣಲೆರನೂ ಮುಂದೆ ನಿಂತು ಕಾದಿ ಬದುಕಿ ಬಂದನು. ಅರಸನು ಮೆಚ್ಚಿ ಬೇಕಾದ್ದನ್ನು ಬೇಡಿಕೊಳ್ಳೆಂದಾಗ ಮಣಲೆರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಅರಸನ ಬೇಟೆನಾಯಿಯನ್ನು ಬೇಡಿದನು. ನಾಯಿ ಅವನ ಸಂಗಡ ಊರಿಗೆ ಬಂದಿತು. ಮುಂದೆ ಕೆಳಲೆನಾಡಿನಲ್ಲಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಗಾಗಿ ಮಣಲೆರನು ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಗದ್ದೆಯನ್ನು ಬಿಟ್ಟು, ಸ್ಥಾನದ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಕಟ್ಟುಮಾಡಿದನು. ತಕ್ಕೋಲದ ಯುದ್ಧದ ವಿವರವೆಲ್ಲ ನಮಗೆ ತಿಳಿದಿರುವುದು ಬಹುಮಟ್ಟಿಗೆ ಈ ನಾಯಿಯ ಕಲ್ಲಿನಿಂದ. ಬದುಕಿ ಬಂದವನು ತನ್ನ ಸೇವೆಯ ಕಥೆಯನ್ನು ಅದರ ಹೆಸರಿನ ಆಸರೆಯಲ್ಲಿ ಹೇಳಿಕೊಂಡನು.

ಇದನ್ನೆಲ್ಲ ಕೇಳುತ್ತ ಕುಳಿತಿದ್ದ ಹವಾಲ್ದಾರರು, "ನಾಯಿಯ ಹೆಸರು ಏನಂತೆ?" ಎಂದರು.

ಕಾಳಿ ಎಂದೆನು.

ತಮ್ಮ ಠಾಣ್ಯದಲ್ಲಿಯೂ ಒಂದು ನಾಯಿ ಇತ್ತೆಂದು ಅವರು ಆರಂಭಿಸಿದರು. ಅವರ ಪಾಳಿಯ ಹೊತ್ತು ಆಗುವವರೆಗೂ ಅದರ ಕಥೆ ಮುಗಿಯಲಿಲ್ಲ.