ಐರಿಷ್ ಕಾಫಿ: ಬಾರಿಗೆ ಹೋದ ಅಡುಗೆಮನೆಯ ಪೇಯ

ಮದ್ಯ ಬೆರೆಸಿದ ಕಾಫಿ ಬಾರಿನ ಸರಕು, ಮನೆಯಲ್ಲಿ ಮಾಡಿಕೊಂಡರೆ ಅದು ಬರೀ ನಕಲು ಎಂಬ ಭಾವನೆ ಬಲವಾಗಿದೆ. ಇತಿಹಾಸ ಕೆದಕಿದರೆ ಕಾಣುವುದು ಬೇರೆಯೇ. ಉತ್ತರ ಜರ್ಮನಿಯ ಕಡಲಂಚಿನ ನಾರ್ಡ್‌ಸ್ಟ್ರಾಂಡ್‌ನಲ್ಲಿ 1872ರಲ್ಲಿ ರೈತನೊಬ್ಬನ ಮನೆಯಲ್ಲಿ ಮಗುವಿನ ದೀಕ್ಷಾಸ್ನಾನದ ಔತಣವಿತ್ತಂತೆ. ಊರಿನ ಪಾದ್ರಿ ಕುಡಿತದ ಕಡುವಿರೋಧಿ. ಅವರು ಎದುರಿಗೇ ಕೂತಿರುವಾಗ ರಮ್ ಸುರಿಯುವಂತಿಲ್ಲ. ಮನೆಯವರು ಸಕ್ಕರೆ ಹಾಕಿದ ಬಿಸಿ ಕಾಫಿಗೆ ರಮ್ ಬೆರೆಸಿ, ವಾಸನೆ ಹೊರಗೆ ಬರದಂತೆ ಮೇಲೆ ಕಡೆದ ಕೆನೆ ಮುಚ್ಚಿದರು ಎಂದು ಅಲ್ಲಿಯವರು ಹೇಳುತ್ತಾರೆ. ಫರಿಸೇಯರ್ ಎಂಬ ಹೆಸರಲ್ಲಿ ಅದು ಈಗಲೂ ಆ ಕಡಲಂಚಿನ ಜನರ ಪೇಯ. ಕತೆಗೆ ಬಾಯಿಂದ ಬಾಯಿಗೆ ಬಣ್ಣ ಸೇರಿರಬಹುದು. ಆದರೆ ತಮ್ಮ ಪೇಯದ ಹುಟ್ಟನ್ನು ಅಲ್ಲಿನ ಜನ ಹೆಂಡದಂಗಡಿಯಲ್ಲಿ ಹುಡುಕಲಿಲ್ಲ, ಹಬ್ಬದ ಮನೆಯಲ್ಲಿ ಹುಡುಕಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಐರಿಷ್ ಕಾಫಿಯದೂ ಇದೇ ಜಾಡು. ಐರ್ಲೆಂಡಿನ ಪಶ್ಚಿಮದಲ್ಲಿ ಶಾನನ್ ನದೀಮುಖದ ದಡದ ಫಾಯ್ನ್ಸ್ ಎಂಬ ಸಣ್ಣ ಊರು 1939ರಿಂದ ಅಟ್ಲಾಂಟಿಕ್ ದಾಟುವ ವಿಮಾನಗಳ ತಂಗುದಾಣವಾಗಿತ್ತು. ಆಗಿನವು ನೀರಿನ ಮೇಲೆಯೇ ಇಳಿಯುವ ವಿಮಾನಗಳು. ಪ್ರಯಾಣಿಕರು ದೋಣಿಯಲ್ಲಿ ದಡ ಸೇರಬೇಕು. 1943ರ ಚಳಿಗಾಲದ ಒಂದು ರಾತ್ರಿ ನ್ಯೂಫೌಂಡ್‌ಲ್ಯಾಂಡ್‌ನತ್ತ ಹೊರಟ ವಿಮಾನ ಹವೆ ಕೆಟ್ಟು ಅರ್ಧ ದಾರಿಯಿಂದ ಹಿಂದಿರುಗಿತು. ನಡುಗುತ್ತ ಬಂದವರಿಗೆ ಜೋ ಷೆರಿಡನ್ ವಿಸ್ಕಿ, ಸಕ್ಕರೆ ಬೆರೆಸಿ ಮೇಲೆ ಕೆನೆ ಹಾಕಿದ ಕಾಫಿ ಕೊಟ್ಟರು. ಷೆರಿಡನ್ ಅಲ್ಲಿನ ಬಾಣಸಿಗ. ಬಾರಿನವರಾಗಿದ್ದರೆ ವಿಸ್ಕಿಯ ಲೋಟವನ್ನಷ್ಟೇ ಮುಂದಿಡುತ್ತಿದ್ದರೇನೋ. ಚಳಿಗೆ ಸಿಕ್ಕಿ ದಣಿದವರಿಗೆ ಬಿಸಿ, ಸಿಹಿ, ಜಿಡ್ಡು ಮೂರೂ ಒಟ್ಟಿಗೆ ಬೇಕೆಂದು ಹೊಳೆಯುವುದು ಉಣಬಡಿಸಿ ಪಳಗಿದವರಿಗೆ.

ಇದು ಅಡುಗೆಮನೆಯ ಪೇಯ ಎಂಬ ಮಾತನ್ನು ಅಮೆರಿಕದಲ್ಲಿ ನಡೆದದ್ದು ಇನ್ನೂ ಗಟ್ಟಿಮಾಡುತ್ತದೆ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ಯೂನಾ ವಿಸ್ಟಾ ಕೆಫೆ ಎಂಬ ಬಾರಿನ ಮಾಲೀಕ ಜಾಕ್ ಕೆಪ್ಲರ್, ಐರ್ಲೆಂಡಿನಲ್ಲಿ ಇದನ್ನು ಸವಿದು ಬಂದಿದ್ದ ಪತ್ರಕರ್ತ ಸ್ಟಾಂಟನ್ ಡೆಲಾಪ್ಲೇನ್ ಜೊತೆ ಕೂತು ಅದೇ ರುಚಿ ತರಲು ಹೆಣಗಿದರು. ವಿಸ್ಕಿ ಸರಿಹೋಯಿತು, ಕೆನೆ ಮಾತ್ರ ಮುಳುಗುತ್ತಲೇ ಇತ್ತು. ದಾರಿ ತೋರಿಸಿದವರು ಡೈರಿ ನಡೆಸುತ್ತಿದ್ದ, ಮುಂದೆ ಆ ನಗರದ ಮೇಯರ್ ಆದ ಜಾರ್ಜ್ ಕ್ರಿಸ್ಟೋಫರ್: ಕೆನೆಯನ್ನು 48 ಗಂಟೆ ಇಟ್ಟು, ಆಮೇಲೆ ಹದವಾಗಿ ಕಡೆಯಿರಿ ಎಂದರು. ಕಡೆದಾಗ ಕೆನೆಯೊಳಗೆ ಗಾಳಿ ಸೇರಿ ಅದು ಹಗುರವಾಗುತ್ತದೆ. ಸಕ್ಕರೆಯ ಕೆಲಸವೂ ಸಿಹಿಗಷ್ಟೇ ಮುಗಿಯುವುದಿಲ್ಲ. ವಿಸ್ಕಿ ಕಾಫಿಯ ಸಾಂದ್ರತೆಯನ್ನು ಇಳಿಸಿದರೆ ಸಕ್ಕರೆ ಅದನ್ನು ಮತ್ತೆ ಏರಿಸುತ್ತದೆ. ಅದಿಲ್ಲದೆ ಕೆನೆ ನಿಲ್ಲುವುದು ಕಷ್ಟ. ಲೋಟ ಬಿಸಿ ಮಾಡಿ, ಸಕ್ಕರೆ ಪೂರ್ತಿ ಕರಗಿಸಿ, ತಿರುವಿ ಹಿಡಿದ ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಕೆನೆ ಇಳಿಸಬೇಕು. ಕಡೆಯುವುದು, ಕರಗಿಸುವುದು, ಹದ ನೋಡುವುದು ಹಾಲು ಮೊಸರಿನ ಮನೆಯಲ್ಲಿ ದಿನವೂ ನಡೆಯುವ ಕೆಲಸ.

ಆ ಕೆಫೆ ಇಲ್ಲದಿದ್ದರೆ ಐರಿಷ್ ಕಾಫಿಯ ಹೆಸರು ಜಗತ್ತಿಗೆ ಗೊತ್ತಾಗುತ್ತಿತ್ತೇ ಎಂದು ಯಾರಾದರೂ ಕೇಳಬಹುದು. ಹರಡಿದ ಶ್ರೇಯಸ್ಸು ಬಾರಿಗೆ ಸಲ್ಲಲೇಬೇಕು. ಹರಡಿದವರೇ ಹುಟ್ಟಿಸಿದವರಲ್ಲ ಅಷ್ಟೆ. ಇದಕ್ಕಿಂತ ಬಲವಾದ ಆಕ್ಷೇಪ ಎಸ್ಪ್ರೆಸೊ ಮಾರ್ಟಿನಿಯದು. 1980ರ ದಶಕದ ಲಂಡನ್ನಿನಲ್ಲಿ ಡಿಕ್ ಬ್ರಾಡ್‌ಸೆಲ್ ರೂಪಿಸಿದ ಅದು ನಿಸ್ಸಂದೇಹವಾಗಿ ಬಾರಿನ ಕೂಸು: ವೋಡ್ಕಾ, ಕಾಫಿ ಲಿಕರ್, ಆಗಷ್ಟೇ ಇಳಿಸಿದ ಎಸ್ಪ್ರೆಸೊ ಸೇರಿಸಿ ಐಸ್ ಜೊತೆ ಜೋರಾಗಿ ಕುಲುಕಬೇಕು. ಆದರೆ ಅದರ ವಂಶವೇ ಬೇರೆ. ಒತ್ತಡದಿಂದ ಕಾಫಿ ಇಳಿಸುವ ಯಂತ್ರ ಕೌಂಟರಿನ ಮೇಲೆ ಬಂದು ಕೂತ ನಂತರದ ಪೇಯ ಅದು. ಅದರ ಮೇಲಿನ ನೊರೆಗೆ ಯಂತ್ರವೂ ಕುಲುಕುವ ತೋಳೂ ಬೇಕು. ಫಾಯ್ನ್ಸ್‌ನ ಪೇಯಕ್ಕೆ ಇವೆರಡರ ಹಂಗಿಲ್ಲ. ಕಾಫಿ ಬಿಸಿಯಾಗಿ ಗಟ್ಟಿಯಾಗಿದ್ದರೆ ಸಾಕು, ಹಿತ್ತಾಳೆ ಫಿಲ್ಟರಿನಲ್ಲಿ ಇಳಿದ ನಮ್ಮ ಡಿಕಾಕ್ಷನ್ನಿಗೆ ಕುದಿನೀರು ಬೆರೆಸಿದರೂ ನಡೆಯುತ್ತದೆ.