ಎಂಟು ಸಿಲಿಂಡರಿನ ದೊಡ್ಡ ಕಾರು

1932ರಲ್ಲಿ ಹೆನ್ರಿ ಫೋರ್ಡ್ ಅಗ್ಗದ ಕಾರಿಗೂ ವಿ-8 ಎಂಜಿನ್ ಕೂರಿಸಿದ. ಸಿರಿವಂತರ ಸೊತ್ತು ಸಾಮಾನ್ಯರ ಕೈಗೆ ಬಂತು.

ಷೆವ್ರೊಲೆ ಇದಕ್ಕೆ ತಕ್ಕ ಉತ್ತರ ಕೊಟ್ಟದ್ದು 1955ರಲ್ಲಿ. 4.3 ಲೀಟರಿನ ಆ ಎಂಜಿನ್ ಹಗುರ, ಆದರೂ ಗಟ್ಟಿಮುಟ್ಟು. ವಾಲ್ವ್ ಒತ್ತುವ ರಾಕರ್‌ಗಳನ್ನು ಉಕ್ಕಿನ ತಗಡಿನಲ್ಲಿ ಅಚ್ಚೊತ್ತಿದ್ದರು. ಆಯಿಲ್ ಟೊಳ್ಳು ಪುಷ್‌ರಾಡ್‌ಗಳ ಒಳಗಿಂದಲೇ ಮೇಲೇರಿ ರಾಕರ್‌ಗಳನ್ನು ನೆನೆಸುತ್ತಿತ್ತು. ಬೇರೆ ಕೊಳವೆಯ ಗೊಡವೆಯೇ ಇಲ್ಲ. ಖರ್ಚು ಉಳಿಸುವ ಜಾಣತನವೂ ಒಂದು ಕಲೆಯೇ! ಷೆವ್ರೊಲೆಯದೇ ದೊಡ್ಡ ಕಾರು, 1965ರ ಇಂಪಾಲಾ, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

1973ರ ತೈಲ ಬಿಕ್ಕಟ್ಟು ಈ ಮೆರೆದಾಟಕ್ಕೆ ಕಡಿವಾಣ ಹಾಕಿತು. 1977ರಲ್ಲಿ ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ದೊಡ್ಡ ಸೆಡಾನ್‌ಗಳ ಉದ್ದ, ತೂಕ ಎರಡನ್ನೂ ಇಳಿಸಿತು.

ಪೊಲೀಸರು, ಟ್ಯಾಕ್ಸಿಯವರು ನೆಚ್ಚಿಕೊಂಡಿದ್ದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಮಾತ್ರ 2011ರ ಸೆಪ್ಟೆಂಬರ್‌ವರೆಗೂ ಬಾಳಿತು. ಅಮೆರಿಕದ ಗುರುತಿನಂತಿದ್ದ ಈ ಕಾರು ತಯಾರಾಗುತ್ತಿದ್ದುದು ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ.